ಗಿಡ್ಡಮೆಣಸು ಮತ್ತು ಆಯಿಯ ಬೈಗುಳ

ಭಾವಿಕೇರಿ, ಅಂಕೋಲಾ ತಾಲೂಕು
೧೨ ಜನವರಿ ೨೦೦೩

ಸ್ವಸ್ತಿಶ್ರೀ ಹಿಮಗಿರಿಶಿಖರ ವಿರಾಜಮಾನೆಯೂ, ಕಂಬಳಿದ್ವಯಾಚ್ಛಾದಿತೆಯೂ, ಸದಾ ಕಂಪಮಾನೆಯೂ, ರಿಜಿಸ್ಟರ್ ಕಚೇರಿ ವಿವಾಹ ಧುರಂಧರೆಯೂ, ತವರುಮನೆ ಪರಿತ್ಯಾಗ ಪ್ರವೀಣೆಯೂ ಆದ ಶ್ರೀಮತಿ ನೀತಾದೇವಿಯವರ ದಿವ್ಯ ಸನ್ನಿಧಾನಕ್ಕೆ, ಭಾವಿಕೇರಿ ಸಂಸ್ಥಾನದ ಏಕಮಾತ್ರ ಯುವರಾಜನೂ, ಅಂಕೋಲೆ ಬಸ್‌ಸ್ಟ್ಯಾಂಡಿನ ಎದುರಿನ ಝೆರಾಕ್ಸ್ ಅಂಗಡಿಯ ಮಹಾಮಂಡಲೇಶ್ವರನೂ, ನಿನ್ನ ದುರದೃಷ್ಟಕ್ಕೆ ನಿನ್ನ ತಮ್ಮನೂ ಆದ ಸುಜಯನು ಮಾಡುವ ವಿಜ್ಞಾಪನೆ ಏನೆಂದರೆ:

ನಿನಗೆ ನಾಚಿಕೆ ಇಲ್ಲ.

ಮನೆ ಬಿಟ್ಟು ಹೋಗುವಾಗ ಒಂದು ಮಾತು ಹೇಳಲಿಲ್ಲ. ಎಂಟು ತಿಂಗಳ ಮೇಲೆ ನಿನ್ನ ಮೊದಲ ಪತ್ರ ಬಂತು. ಅದರಲ್ಲಿ ಕ್ಷಮೆ ಇಲ್ಲ, ಕುಶಲ ಇಲ್ಲ. ಇರುವುದೇನು? 'ಇಲ್ಲಿಯ ಪೇಟೆ ಮೆಣಸಿಗೆ ಖಾರವೇ ಇಲ್ಲ, ನಮ್ಮ ಹಿತ್ತಲ ಗಿಡ್ಡಮೆಣಸಿನ ಬೀಜ ಒಂದು ಮುಷ್ಟಿ ಕಳಿಸು, ಆಯಿ ಎಂತ ಹೇಳ್ತು ಅಂತಲೂ ಬರಿ.' ನಾವೇನು ಬೀಜದಂಗಡಿ ಇಟ್ಟಿದ್ದೇವೆಯೇ?

ಭಾವನನ್ನು ನಾನು ದೂರುವುದಿಲ್ಲ. ಕಾರವಾರದವನು, ಕದ್ರಾ ಪವರ್‌ಹೌಸಿನಲ್ಲಿ ಅಪ್ಪನ ಕೈಕೆಳಗೆ ಇದ್ದವನು. ಅಪ್ಪನೇ ಮನೆಗೆ ಕರೆತಂದು ಬಂಗಡೆ ಸಾರು ಉಣ್ಣಿಸಿದ. ಅವನು ಉಂಡು, ಕೈ ತೊಳೆದು, ಬಡಿಸಿದವಳನ್ನೂ ಕರೆದುಕೊಂಡು ಹೋದ. ಹಸಿದವನ ತಪ್ಪೇನಿಲ್ಲ. ತಪ್ಪು ನಿನ್ನದು. ಆಯಿಗೆ ಮೊದಲೇ ಹೇಳಿದ್ದರೆ ನಾಲ್ಕು ದಿನ ಕೂಗಾಡಿ ಐದನೇ ದಿನ ತಾನೇ ಮಂಟಪಕ್ಕೆ ಮಾವಿನೆಲೆ ಕಟ್ಟುತ್ತಿದ್ದಳು. ನೀನು ಹೇಳಲಿಲ್ಲ. ಹೇಳಿದವಳು ಕೇಣಿಯ ಗಂಗಿ. ಮೀನಿನ ಬುಟ್ಟಿ ನಮ್ಮ ಮೆಟ್ಟಿಲ ಮೇಲೆ ಇಳಿಸಿ, ಕೇರಿಯ ಹೆಂಗಸರೆಲ್ಲ ಸುತ್ತ ನಿಂತಿರುವಾಗ, "ಮಂದಾಕಿನಕ್ಕಾ, ಮಗ್ಳ ಮದ್ವೆ ಕಾರವಾರ ಕಚೇರೀಲಿ ಆಯ್ತಂತಲೇ, ನಮ್ಗೊಂದು ಲಾಡೂನೂ ಇಲ್ವೇನೇ?" ಅಂದಳು. ಆಯಿಯ ಕೈಯಲ್ಲಿ ಎರಡು ಬಂಗಡೆ ಇತ್ತು. ಹಾಗೇ ಬುಟ್ಟಿಗೆ ಹಾಕಿ ಒಳಗೆ ಹೋದಳು. ಅಂದಿನಿಂದ ಗಂಗಿಯ ಹತ್ತಿರ ಮೀನು ಕೊಳ್ಳುವುದಿಲ್ಲ. ಊರಿಗೆ ಮೀನು ತರುವವಳು ಗಂಗಿ ಒಬ್ಬಳೇ. ನೀನು ಪ್ರೀತಿ ಮಾಡಿದ್ದಕ್ಕೆ ನಾನು ವಾರವಿಡೀ ಬದನೆಕಾಯಿ ತಿನ್ನುತ್ತಿದ್ದೇನೆ. ಇದನ್ನು ನಾನು ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ.

ಫೋನ್ ಮಾಡುತ್ತೇನೆ ಅನ್ನಬೇಡ. ನಿನ್ನ ದನಿ ಕೇಳಿದರೆ ಆಯಿ ಕಟ್ ಮಾಡುವುದಿಲ್ಲ, ರಿಸೀವರನ್ನು ಮೇಜಿನ ಮೇಲೆ ಮಲಗಿಸಿ ಹೋಗುತ್ತಾಳೆ. ನೀನು ಅಲ್ಲಿ ಕ್ಯಾಂಪ್ ಆಫೀಸಿನಲ್ಲಿ ಸರದಿ ನಿಂತು, ದುಡ್ಡು ಕೊಟ್ಟು, ನಮ್ಮ ಗೋಡೆ ಗಡಿಯಾರದ ಸದ್ದು ಕೇಳುತ್ತೀ. ಅಷ್ಟು ಒಳ್ಳೆಯ ಗಡಿಯಾರವೂ ಅಲ್ಲ ಅದು.

ಆದರೂ ಬೀಜ ಕಳಿಸಿದ್ದೇನೆ. ನಿನ್ನ ಪತ್ರವನ್ನು ಅಡುಗೆಮನೆಯಲ್ಲಿ ಗಟ್ಟಿಯಾಗಿ ಓದಿದೆ. ಆಯಿ ಹೆರೆಮಣೆಯಲ್ಲಿ ತೆಂಗಿನಕಾಯಿ ಹೆರೆಯುತ್ತಿದ್ದಳು. ಓದಿ ಮುಗಿದ ಮೇಲೆ ಎದ್ದು, ಒಲೆಯ ಮೇಲೆ ಹೊಗೆಯಲ್ಲಿ ನೇತಾಡುವ ಸೋರೆಬುರುಡೆ ಇಳಿಸಿ, ಬೂದಿಯಲ್ಲಿ ಕಲಸಿಟ್ಟ ಬೀಜ ಒಂದು ಮುಷ್ಟಿ ತೆಗೆದು, ನನ್ನ ಎದುರು ಎಸೆದು ಅವಳು ಅಂದದ್ದು ಅಕ್ಷರಶಃ ಇಂತಿದೆ: "ಕಳ್ಸು ಅದಕ್ಕೆ. ಅಪ್ಪ ಆಯಿ ಬೇಡ, ಮೆಣಸು ಬೇಕಂತೆ. ಸಸಿಮಡಿ ತಂಪಾಗಿ ಇಡೂಕೆ ಹೇಳು. ಸಣ್ಣಿರುವಾಗಿಂದ ಹೇಳಿದ್ದು ಮರ್ತಿರ್ತದೆ ಅದು."

ಆಜ್ಞೆ ಮುಟ್ಟಿಸಿದ್ದೇನೆ. ಮೊಳೆತರೆ ನಿನ್ನ ಪುಣ್ಯ, ಮೊಳೆಯದಿದ್ದರೆ ನನ್ನ ಸಂತೋಷ.

ಇತಿ ನಿನ್ನ ಆಜನ್ಮ ವೈರಿ,
ಸುಜಯ


ಪ್ರಾಜೆಕ್ಟ್ ಕಾಲೋನಿ, ಕಿನ್ನೌರ್, ಹಿಮಾಚಲ ಪ್ರದೇಶ
೨೦ ಫೆಬ್ರವರಿ ೨೦೦೩

ಸುಜಯಾ,

ನಿನ್ನ ಸಂಸ್ಕೃತ ಅರ್ಧ ತಪ್ಪು, ಉಳಿದರ್ಧ ಅಧಿಕಪ್ರಸಂಗ. ಬಾಲವಾಡಿ ಮಕ್ಕಳಿಗೆ ಕಲಿಸುವಾಗ ನಿನಗೂ ಎರಡಕ್ಷರ ಕಲಿಸಬೇಕಿತ್ತು.

ಬೀಜ ಬಂತು. ಒಂದೂ ಮೊಳೆಯಲಿಲ್ಲ.

ಹೇಗೆ ಹಾಕಿದೆ ಅಂತ ಹೇಳುತ್ತೇನೆ, ಕೇಳು. ಇಲ್ಲಿ ಹೊರಗಿನ ಮಣ್ಣು ಕಲ್ಲಾಗಿದೆ. ಇವರು ಕಬ್ಬಿಣದ ಹಾರೆಯಿಂದ ಒಡೆದು ಎರಡು ಬುಟ್ಟಿ ತಂದರು. ಅದು ಕರಗಲು ಒಂದು ದಿನ ಬಚ್ಚಲಮನೆಯಲ್ಲಿ ಕೂತಿತ್ತು. ಸೇಬಿನ ಖಾಲಿ ಪೆಟ್ಟಿಗೆಗೆ ಅದನ್ನು ತುಂಬಿ, ಬೂದಿ ಬೆರೆಸಿ, ಆಯಿ ಹೇಳಿದ ಹಾಗೆ ತಂಪಾದ ಜಾಗ ನೋಡಿ, ಬಿಸಿಲು ಬೀಳದ ಹಿಂದಿನ ಬಾಲ್ಕನಿಯಲ್ಲಿ ಇಟ್ಟೆ. ಒದ್ದೆ ಗೋಣಿ ಮುಚ್ಚಿದೆ. ಊರಲ್ಲಾದರೆ ಮೇಲೆ ತೆಂಗಿನ ಮಡಲಿನ ನೆರಳು ಮಾಡುತ್ತೇವಲ್ಲ, ಇಲ್ಲಿ ಮಡಲು ಎಲ್ಲಿಂದ? ಇವರ ಛತ್ರಿ ಬಿಡಿಸಿ ಇಟ್ಟೆ. ಬೆಳಗ್ಗೆ ಸಂಜೆ ನೀರು ಚಿಮುಕಿಸಿದೆ. ಬೆಳಗ್ಗೆ ಎದ್ದು ನೋಡಿದರೆ ಗೋಣಿ ಹಪ್ಪಳದ ಹಾಗೆ ಸೆಟೆದು ನಿಂತಿರುತ್ತಿತ್ತು. ಪಕ್ಕದ ಕ್ವಾರ್ಟರ್ಸಿನ ಹೆಂಗಸರು ಛತ್ರಿ ನೋಡಿ ನಕ್ಕರು. ನಗಲಿ ಅಂದುಕೊಂಡೆ, ಮೆಣಸು ಬೆಳೆಯುವುದು ಆ ಹೆಂಗಸರಿಗೇನು ಗೊತ್ತು? ಮೂರು ವಾರದ ಮೇಲೆ ಒಂದು ಬೀಜ ಕೆದಕಿ ತೆಗೆದೆ. ಹಾಕಿದ ಹಾಗೇ ಇತ್ತು. ನಿನ್ನ ತಲೆಯ ಹಾಗೆ, ಒಳಗೆ ಏನೂ ನಡೆದಿರಲಿಲ್ಲ.

ಹೋದ ಮಳೆಗಾಲದ ಮುಂಚೆ ಪಕ್ಕದ ಮನೆಯ ಪುಟ್ಟಕ್ಕನಿಗೆ ಬೆಂಡೆ ಬೀಜ ಅಂತ ಹೇಳಿ ಹುರಿದ ಬೀಜ ಕೊಟ್ಟವನು ನೀನು. ಪಾಪ ಆ ಹೆಂಗಸು ದಿನಾ ಬೇಲಿ ಹತ್ತಿರ ಕುಕ್ಕರುಗಾಲಲ್ಲಿ ಕೂತು ಮಣ್ಣು ನೋಡುತ್ತಿದ್ದಳು. ನೀನು ಕಿಟಕಿಯಲ್ಲಿ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದೆ. ಅದಕ್ಕೇ ನೇರವಾಗಿ ಕೇಳುತ್ತೇನೆ. ಈ ಬೀಜ ಹುರಿದವನು ನೀನಾ? ನೀನಾದರೆ ಸಿಕ್ಕಾಗ ಕಿವಿ ಕಿತ್ತು ಕೈಯಲ್ಲಿ ಕೊಡುತ್ತೇನೆ, ಅಲ್ಲಿಗೆ ಮುಗಿಯಿತು. ಆಯಿಯಾ? ಹಾಗಾದರೆ ಅದನ್ನೂ ಮುಚ್ಚಿಡದೆ ಬರಿ.

ನಮ್ಮ ಮನೆಯಲ್ಲಿ ಮಗಳನ್ನು ಕಳಿಸುವಾಗ ಉಡಿಗೆ ಅಕ್ಕಿ, ಕಾಯಿ, ಜೊತೆಗೆ ಆ ಬುರುಡೆಯ ಬೀಜ ಹಾಕುವುದು ನಿನಗೂ ಗೊತ್ತು. ಅಜ್ಜಿ ಆಯಿಯ ಉಡಿಗೆ ಹಾಕಿದ್ದೇ ಈಗ ಹಿತ್ತಲಲ್ಲಿ ಇರುವುದು. ನನ್ನ ಉಡಿಗೆ ಏನೂ ಬೀಳಲಿಲ್ಲ. ಬೀಳುವ ಹಾಗೆ ನಾನು ಹೊರಡಲೂ ಇಲ್ಲ, ಅದು ಬೇರೆ. ನಿನ್ನ ಪೊಟ್ಟಣ ಬಂದ ದಿನ ಬಾಗಿಲು ಹಾಕಿಕೊಂಡು, ಸೆರಗು ಒಡ್ಡಿ, ಅದರೊಳಗೆ ಬಿಚ್ಚಿದೆ. ನಗು, ನಕ್ಕುಬಿಡು. ಆದರೆ ಸತ್ತ ಬೀಜವನ್ನು ಮಗಳ ಉಡಿಗೆ ಹಾಕುವುದೆಂದರೆ ಏನು ಅಂತ ನನಗೆ ಯಾರೂ ವಿವರಿಸಬೇಕಾಗಿಲ್ಲ.

ಆಯಿ ಎಂತ ಹೇಳ್ತು, ಬರಿ.

ನೀತಾ


ಭಾವಿಕೇರಿ
೪ ಮಾರ್ಚ್ ೨೦೦೩

ಕಿನ್ನೌರ ಮಹಾಪ್ರಾಂತದ ಛತ್ರಾಧಿಪತಿ, ಮೆಣಸಿನ ಬೀಜಕ್ಕೆ ಶ್ವೇತಚ್ಛತ್ರ ಹಿಡಿದ ಭೂಮಂಡಲದ ಪ್ರಥಮ ಮಹಿಳೆ ಶ್ರೀಮತಿ ನೀತಾದೇವಿಯವರ ವಿರುದ್ಧ ಭಾವಿಕೇರಿಯ ಘನ ನ್ಯಾಯಾಲಯವು ಸರ್ವಾನುಮತದಿಂದ ನೀಡಿದ ತೀರ್ಪು:

ಆರೋಪಿ ಸುಜಯನು ಸದರಿ ಬೀಜವನ್ನು ಹುರಿದಿಲ್ಲ. ಬೇಯಿಸಿಲ್ಲ. ಒಗ್ಗರಣೆಗೆ ಹಾಕಿಲ್ಲ. ಸಾಕ್ಷಿ: ಪೊಟ್ಟಣ ಕಟ್ಟಿ ಉಳಿದ ಬೀಜವನ್ನು ಆತ ಬಾವಿಕಟ್ಟೆಯ ಹತ್ತಿರ ಎಸೆದಿದ್ದು, ಯಾರೂ ಕೇಳದೆ, ಯಾರೂ ನೀರು ಹಾಕದೆ, ಅವು ವಾರದೊಳಗೆ ಎದ್ದು ನಿಂತಿವೆ. ಕೋಳಿ ತಿಂದು ಉಳಿದದ್ದು ಈಗ ಗೇಣುದ್ದ. ಆರೋಪಿಯನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಲಾಗಿದೆ. ಪುಟ್ಟಕ್ಕನ ಬೆಂಡೆ ಪ್ರಕರಣಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಕಲೆ.

ಇನ್ನು ಆಯಿಯ ಮೇಲೆ ಅನುಮಾನಪಟ್ಟಿದ್ದಕ್ಕೆ ನಿನಗೆ ಶಿಕ್ಷೆ ಆಗಬೇಕು. ಮನೆ ಬಿಟ್ಟು ಓಡಿದವಳು ನೀನು. ಇಲ್ಲಿ ಅವಳ ಮುಖ ನೋಡಿಕೊಂಡು ದಿನಾ ಊಟಕ್ಕೆ ಕೂರುವವನು ನಾನು. ಅನುಮಾನ ಪಡುವ ಹಕ್ಕೇನಾದರೂ ಇದ್ದರೆ ಅದು ನನ್ನದು, ಬದನೆಕಾಯಿಯ ವಿಷಯದಲ್ಲಿ.

ನಿನ್ನ ಪತ್ರವನ್ನು ಎಂದಿನಂತೆ ಗಟ್ಟಿಯಾಗಿ ಓದಿದೆ. ಛತ್ರಿಯ ಭಾಗಕ್ಕೆ ಬಂದಾಗ ಅಪ್ಪ ಎದ್ದು ಹೊರಗೆ ಹೋದ, ನಗುವನ್ನು ಮೀಸೆಯಲ್ಲಿ ಹಿಡಿದುಕೊಂಡು. ಆಯಿ ಎಂತ ಹೇಳ್ತು ಅಂತ ಕೇಳಿದೆಯಲ್ಲ, ತಗೋ:

"ಛತ್ರಿ ಹಿಡ್ದೀತಾ? ಮೆಣಸಿಗಾ? ಬಿಸಿಲೇ ಇಲ್ದ ಊರಲ್ಲಿ ನೆರಳು ಯಾರಿಗೆ ಮಾಡ್ತದೆ ಅದು? ತಂಪು ಮಾಡು ಅಂದ್ರೆ ಬರ್ಫದ ಪೆಟ್ಟಿಗೇಲಿ ಇಡೂದಾ? ಒಲೆ ಹೊತ್ಸೂದಿಲ್ವಾ ಆ ಮನೇಲಿ? ಬೀಜಾನೂ ತಕ್ಕಂಡು ಒಲೆ ಬುಡಕ್ಕೆ ಹೋಗಿ ಕೂತ್ಕಳ್ಳೂಕೆ ಹೇಳು. ಎರಡಕ್ಕೂ ಬುದ್ಧಿ ಬರ್ತದೆ."

ಇಷ್ಟನ್ನೂ ನಾನು ನಿಂತುಕೊಂಡು ಕೇಳಬೇಕಾ? ಮದುವೆ ನಿನ್ನದು, ಬೈಗುಳ ನನ್ನ ಕಿವಿಗೆ. ಅಂಚೆ ಖರ್ಚೂ ನನ್ನದೇ.

ತೀರ್ಪಿಗೆ ಮೇಲ್ಮನವಿ ಇಲ್ಲ.

ನ್ಯಾಯಮೂರ್ತಿ ಸುಜಯ


ಕಿನ್ನೌರ್
೩೦ ಮಾರ್ಚ್ ೨೦೦೩

ಸುಜಯಾ,

ಈ ಪತ್ರ ಆಯಿಗೆ. ನೀನು ಬರೀ ಓದುವವನು. ಒಂದು ಸಾಲೂ ಬಿಡದೆ, ದನಿ ಕುಣಿಸದೆ ಓದು.

ಆಯೀ, ಬೀಜ ಮೊಳೆತಿದೆ. ನೀನು ಬೈದ ಹಾಗೇ ಮಾಡಿದೆ. ಇಲ್ಲಿ ಬುಖಾರಿ ಅಂತ ತಗಡಿನ ಒಲೆ ಇದೆ, ಮನೆ ಬೆಚ್ಚಗಾಗಲು ಕೋಣೆಯ ನಡುವೆ ಉರಿಸುತ್ತಾರೆ; ಹೊಗೆ ಕೊಳವೆಯಲ್ಲಿ ಮಾಡಿನ ಆಚೆ ಹೋಗುತ್ತದೆ. ಅದರ ಪಕ್ಕ ಒಂದು ಹಲಗೆ ಇಟ್ಟು ಪೆಟ್ಟಿಗೆ ಕೂರಿಸಿದೆ. ಉಳಿಸಿಟ್ಟ ಬೀಜವನ್ನು ಈ ಸಲ ಬೆಚ್ಚಗಿನ ನೀರಲ್ಲಿ ನೆನೆಸಿ ಹಾಕಿದೆ. ಎರಡನೇ ವಾರಕ್ಕೆ ಮಣ್ಣು ಬಿರಿಯಿತು. ಬೆನ್ನು ಬಾಗಿಸಿಕೊಂಡು ಒಂದೊಂದೇ ಎದ್ದವು, ತಲೆಯ ಮೇಲೆ ಬೀಜದ ಸಿಪ್ಪೆ ಟೊಪ್ಪಿಯ ಹಾಗೆ. ಈಗ ಹಗಲು ಬಿಸಿಲಿನ ಕಿಟಕಿಗೆ ಒಯ್ದು ಇಡುತ್ತೇನೆ, ಹೊತ್ತು ಮುಳುಗಿದರೆ ಒಲೆಯ ಹತ್ತಿರ ತರುತ್ತೇನೆ. ಗಾಜಿನ ಕಡೆಗೇ ವಾಲುತ್ತವೆ ಅಂತ ದಿನಾ ಪೆಟ್ಟಿಗೆ ತಿರುಗಿಸಬೇಕು. ಇವರು ಕೂಸು ಸಾಕಿದ ಹಾಗೆ ಸಾಕ್ತೀಯ ಅಂತ ತಮಾಷೆ ಮಾಡುತ್ತಾರೆ.

ತಂಪು ಮಾಡು, ತಂಪು ಮಾಡು ಅಂತ ನೀನು ಹೇಳಿದ್ದನ್ನೇ ಕೇಳಿ ಬೆಳೆದವಳು ನಾನು. ಬಿಸಿಯನ್ನು ಅಲ್ಲಿ ಯಾರೂ ಕೊಡಬೇಕಾಗಿರಲಿಲ್ಲ, ಅದು ಊರಲ್ಲೇ ಬಿದ್ದಿತ್ತು. ಅದೂ ಬೇಕು ಅಂತ ನನಗೆ ಹೊಳೆಯಲೇ ಇಲ್ಲ. ಅಷ್ಟು ದೂರದಲ್ಲಿ ಕಾಯಿ ಹೆರೆಯುತ್ತ ಕೂತ ನಿನಗೆ ಹೊಳೆಯಿತು.

ಇನ್ನಷ್ಟು ಬೈ ಆಯೀ. ರಿಸೀವರ್ ಮಲಗಿಸಿ ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಸುಜಯಾ, ನಿನ್ನ ಮೇಲಿನ ಸಿಟ್ಟು ಹಾಗೇ ಇದೆ. ಪುಟ್ಟಕ್ಕನಿಗೆ ಒಳ್ಳೆ ಬೀಜ ಕೊಟ್ಟು ಕ್ಷಮೆ ಕೇಳಿದೆಯಾ ಇಲ್ಲವಾ?

ನೀತಾ


ಭಾವಿಕೇರಿ
೧೪ ಏಪ್ರಿಲ್ ೨೦೦೩

ಸಸ್ಯಲೋಕದ ಸಾಕುತಾಯಿಯವರಿಗೆ,

ಕ್ಷಮೆ ಕೇಳಿಲ್ಲ. ಕೇಳುವುದೂ ಇಲ್ಲ. ಪುಟ್ಟಕ್ಕ ಈಗ ನನ್ನ ಮುಖ ಕಂಡರೆ ಬೇಲಿಯ ಆಚೆಯಿಂದ ಉಗುಳುತ್ತಾಳೆ. ಹಾಗೆ ಒಂದು ಸಂಬಂಧ ಗಟ್ಟಿಯಾಗಿ ಉಳಿದಿದೆ.

ನಿನ್ನ ಪತ್ರವನ್ನು ದನಿ ಕುಣಿಸದೆ ಓದಿದೆ. ನನ್ನ ಗಂಟಲಿಗೆ ಅದೆಷ್ಟು ಹಿಂಸೆ ಆಯಿತು ಅಂತ ನಿನಗೆ ಗೊತ್ತಾಗಲಿಕ್ಕಿಲ್ಲ. 'ಇನ್ನಷ್ಟು ಬೈ' ಅಂತ ಬೇಡಿದ್ದೀಯಲ್ಲ, ಬೇಡಿದವರಿಗೆ ಇಲ್ಲ ಅನ್ನುವ ಮನೆಯಲ್ಲ ನಮ್ಮದು. ಆಯಿಯ ಉವಾಚ:

"ಬರೀ ನೀರು ಕುಡ್ಸಿ ಗಿಡ ಸಾಕ್ತದೆ ಅದು? ಬುಡಕ್ಕೆ ಮೀನು ಹುಗಿಯೂಕೆ ಹೇಳು. ಕಾರವಾರದವ್ರಿಗೆ ಮೀನು ತಿನ್ನೂದು ಗೊತ್ತು, ಗಿಡಕ್ಕೆ ಹಾಕೂದು ಎಲ್ಲಿ ಗೊತ್ತು? ಕಾಯಿ ಬಿಟ್ಟ ಮೇಲೆ ಖಾರ ಇಲ್ಲ ಅಂತ ಮತ್ತೆ ಪತ್ರ ಬರಿಯೂದು ಬೇಡ."

ಅಪ್ಪಣೆ ಆಗಿದೆ ಎಂದು, ಆಯಿಗೆ ತಿಳಿಯದ ಹಾಗೆ ಗಂಗಿಯನ್ನು ಅಂಕೋಲೆ ಪೇಟೆಯಲ್ಲಿ ಹಿಡಿದು, ಅರೆ ಒಣಗಿದ ತಾರ್ಲಿ ಮೀನು ತಂದೆ. "ಎಂತಕೆ ಇಷ್ಟು ವಾಸನೇದು?" ಅಂದಳು. "ಅಕ್ಕನ ಮದ್ವೆ ಲಾಡು ಇದೇ" ಅಂದೆ. ಪ್ಲಾಸ್ಟಿಕ್ಕು, ಅದರ ಮೇಲೆ ಗೋಣಿ, ಅದರ ಮೇಲೆ ಅಪ್ಪನ ಹಳೇ ಲುಂಗಿ ಸುತ್ತಿ ಅಂಚೆಗೆ ಒಯ್ದೆ. ಅಂಚೆಯವನು ಪಾರ್ಸೆಲ್ ತಿರುಗಿಸಿ ನೋಡಿ, "ಒಳಗೆ ಎಂತದು ಮಾರಾಯಾ?" ಅಂದ. "ಧರ್ಮಗ್ರಂಥ" ಅಂದೆ. ಮೂಗು ಮುಚ್ಚಿಕೊಂಡೇ ಠಸ್ಸೆ ಹೊಡೆದ.

ಪ್ರತಿ ಗಿಡದ ಬುಡಕ್ಕೆ ಒಂದೊಂದು ಮೀನು. ಧರ್ಮಕ್ಕೆ ಚ್ಯುತಿ ಬಾರದಿರಲಿ.

ಮತ್ಸ್ಯಾವತಾರಿ,
ಸುಜಯ


ಕಿನ್ನೌರ್
೧೨ ಮೇ ೨೦೦೩

ಸುಜಯ,

ಎಷ್ಟು ಸಸಿ ಡಾಲ್ಡಾ ಡಬ್ಬಿಗೆ ಕಿತ್ತು ನೆಟ್ಟಿದ್ದೆ ಗೊತ್ತಾ ನಿನಗೆ? ಕಿಟಕಿಯ ಕಟ್ಟೆ ತುಂಬಾ ಇತ್ತು. ಮೇಜು ತುಂಬಾ ಇತ್ತು. ಹೊರಗೆ ಇನ್ನೂ ರಾತ್ರಿಯ ಚಳಿ ಹೋಗಿಲ್ಲ ಅಂತ ಎಲ್ಲವನ್ನೂ ಒಳಗೇ ಇಟ್ಟಿದ್ದೆ. ಆಯಿಯ ಮಾತು ಅಂತ ನಂಬಿ ಎಲ್ಲದರ ಬುಡಕ್ಕೂ ಮೀನು ಹುಗಿದೆ.

ಮುಚ್ಚಿದ ಕೋಣೆ. ಉರಿಯುವ ಬುಖಾರಿ. ಹಿತ್ತಲಲ್ಲಿ ಹುಗಿದ ಮೀನಿಗೂ ಮನೆಯೊಳಗೆ ಹುಗಿದ ಮೀನಿಗೂ ಏನು ವ್ಯತ್ಯಾಸ ಅಂತ ನಿನಗೆ ಗೊತ್ತಿಲ್ಲದೆ ಇಲ್ಲ. ಮೂರನೇ ದಿನ ಪಕ್ಕದವರು ಬಂದು ಗೋಡೆಯೊಳಗೆ ಹೆಗ್ಗಣ ಸತ್ತಿದೆಯಾ ಅಂತ ಕೇಳಿದರು. ಇವರ ಸಾಹೇಬರು ಚಹಾಕ್ಕೆ ಬಂದವರು ಚಹಾ ಕುಡಿಯದೆ ಎದ್ದರು. ಇವರು ರಾತ್ರಿ ಕಿಟಕಿ ತೆರೆದಿಟ್ಟರು. ಬೆಳಗ್ಗೆ ನೋಡಿದರೆ ಕಾಲೋನಿಯ ಬೆಕ್ಕುಗಳೆಲ್ಲ ಒಳಗೆ. ಡಬ್ಬಿ ಉರುಳಿಸಿ, ಬುಡ ಬಗೆದು, ಮೀನು ಎಳೆದು ತಿಂದಿವೆ. ಸಸಿಗಳು ನೆಲದ ಮೇಲೆ ಸೊಪ್ಪಿನ ಹಾಗೆ ಬಿದ್ದಿದ್ದವು. ಬೇರು ಸಮೇತ ಹೆಕ್ಕಿ ಮತ್ತೆ ನೆಟ್ಟೆ. ಉಳಿದದ್ದು ಮೂರು.

ಮೂರು, ಸುಜಯ. ಇನ್ನು ಬೀಜವೂ ಇಲ್ಲ. ಈ ಮೂರು ಹೋದರೆ ನನ್ನ ಉಡಿ ಖಾಲಿ.

ಮೀನಿನ ಮಾತು ಆಯಿಯದಲ್ಲ. ಆಯಿ ಎಷ್ಟೇ ಸಿಟ್ಟಾದರೂ ಮನೆಯೊಳಗೆ ಮೀನು ಹುಗಿಸುವವಳಲ್ಲ. ನೀನೇ ನಡುವೆ ತೂರಿಸಿದ್ದು. ನಿನಗೆ ಎಲ್ಲವೂ ಪುಟ್ಟಕ್ಕನ ಬೆಂಡೆಯೇ. ಕಿಟಕಿಯಲ್ಲಿ ನಿಂತು ನಗುವುದಕ್ಕೆ ಇನ್ನೊಬ್ಬಳು ಸಿಕ್ಕಿದಳು, ಅಷ್ಟೇ.

ಇನ್ನು ನನಗೆ ನಿನ್ನ ಬಿರುದು ಬೇಡ, ತೀರ್ಪು ಬೇಡ, ಉವಾಚ ಬೇಡ. ಆಯಿಗೆ ಇದನ್ನು ಓದಿ ಹೇಳು. ಅವಳು ಏನು ಹೇಳುತ್ತಾಳೋ ಅದನ್ನು ಮಾತ್ರ ಬರಿ. ನಿನ್ನದು ಒಂದಕ್ಷರ ಸೇರಿದರೂ ಪತ್ರ ಬುಖಾರಿಗೆ ಹೋಗುತ್ತದೆ.

ನೀತಾ


ಭಾವಿಕೇರಿ
೨ ಜೂನ್ ೨೦೦೩

ಅಕ್ಕಾ,

ಆಯಿ ಹೇಳಿದ್ದು:

 

 

 

ಸುಜಯ


ಕಿನ್ನೌರ್
೧೮ ಸೆಪ್ಟೆಂಬರ್ ೨೦೦೩

ಸುಜಯ,

'ಆಯಿ ಹೇಳಿದ್ದು' ಅಂತ ಬರೆದು ಇಡೀ ಇನ್‌ಲ್ಯಾಂಡ್ ಖಾಲಿ ಬಿಟ್ಟು ಕಳಿಸಿದ್ದೀಯ. ಇಷ್ಟು ಕೀಳು ತಮಾಷೆಯನ್ನು ನೀನು ಇದುವರೆಗೆ ಮಾಡಿರಲಿಲ್ಲ. ತಿರುಗಿಸಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ, ಮಡಿಕೆಯೊಳಗೆ ನೋಡಿದೆ. ಇವರು ನೋಡಿ, "ನಿನ್ನ ತಮ್ಮನಿಗೆ ಶಾಯಿ ಮುಗಿದಿತ್ತೇನೋ" ಅಂದರು. ಬುಖಾರಿಗೆ ಹಾಕೋಣ ಅಂದರೆ ಬೇಸಿಗೆ, ಬುಖಾರಿ ಹೊತ್ತಿಸಿರಲಿಲ್ಲ. ಅದಕ್ಕೇ ಉಳಿದಿದೆ. ಮೂರು ತಿಂಗಳು ನಿನಗೆ ಬರೆಯಲಿಲ್ಲ, ಬರೆಯುವ ಮನಸ್ಸೂ ಇರಲಿಲ್ಲ. ಈಗಲೂ ನಿನಗಾಗಿ ಬರೆಯುತ್ತಿಲ್ಲ.

ಮೂರು ಗಿಡವೂ ಬದುಕಿದವು. ಜೂನಿನಲ್ಲಿ ಹೊರಗೆ ಇಟ್ಟೆ, ಗೋಡೆಗೆ ತಾಗಿಸಿ, ಬಿಸಿಲು ಕಾದ ಕಲ್ಲಿನ ಹತ್ತಿರ. ಮೋಡ ಬಂದರೆ ಒಳಗೆ ಓಡಿಸುತ್ತಿದ್ದೆ. ನಮ್ಮ ಹಿತ್ತಲಲ್ಲಿ ಸೊಂಟದೆತ್ತರ ಬರುವ ಗಿಡ ಇಲ್ಲಿ ಮೊಣಕಾಲು ದಾಟಲಿಲ್ಲ. ಆದರೆ ಕಾಯಿ ಅದೇ: ಗಿಡ್ಡ, ತುದಿ ಮೊಂಡು, ಆಕಾಶಕ್ಕೆ ಮುಖ. ಹಣ್ಣಾದ ಮೇಲೆ, ಚಳಿ ಶುರುವಾಗಿ ಮತ್ತೆ ಹೊತ್ತಿಸಿದ ಬುಖಾರಿಯ ಕೊಳವೆಯ ಹತ್ತಿರ ಒಣಗಿಸಿ ಬಿಸ್ಕಿಟ್ ಡಬ್ಬಿಯಲ್ಲಿ ಕಳಿಸಿದ್ದೇನೆ. ಡಬ್ಬಿ ಆಯಿಗೆ. ನಿನಗೆ ಅದರಲ್ಲಿ ಏನೂ ಇಲ್ಲ, ತೊಟ್ಟೂ ಇಲ್ಲ.

ಇನ್ನು ಇದನ್ನು ಗಟ್ಟಿಯಾಗಿ ಓದು.

ಆಯೀ, ದೀಪಾವಳಿಗೆ ಇವರಿಗೆ ರಜೆ ಸಿಕ್ಕಿದೆ. ಕಾರವಾರಕ್ಕೆ ಇವರ ಮನೆಗೆ ಬರುತ್ತೇವೆ. ಅಲ್ಲಿಂದ ಭಾವಿಕೇರಿಗೆ ಒಂದು ಬಸ್ಸಿನ ದಾರಿ. ಹತ್ತಬೇಕೋ ಬೇಡವೋ ನೀನು ಹೇಳು. ಬೇಡ ಅಂದರೆ ಬರುವುದಿಲ್ಲ, ಮೆಟ್ಟಿಲ ಮೇಲೆ ನಿಂತು ಕೇರಿಯವರಿಗೆ ತಮಾಷೆ ಆಗಲು ನನಗೂ ಇಷ್ಟವಿಲ್ಲ. ಆದರೆ ನೀನೇ ಹೇಳಬೇಕು.

ಸುಜಯ, ನೀನು ಹೇಳಬೇಡ. ಒಂದೇ ಒಂದು ಸಲ, ನಿನ್ನ ಕೈಯನ್ನು ನಡುವೆ ಹಾಕದೆ, ಆಯಿಯ ಮಾತನ್ನು ಇದ್ದ ಹಾಗೆ ಬರಿ.

ನೀತಾ


ಭಾವಿಕೇರಿ
೫ ಅಕ್ಟೋಬರ್ ೨೦೦೩

ಅಕ್ಕಾ,

ಬಿರುದು ಹುಡುಕಬೇಡ, ಇಲ್ಲ.

ಡಬ್ಬಿ ನಿನ್ನೆ ಬಂತು. ಆಯಿ ಅದನ್ನು ನೋಡಿದಳು, ಮುಟ್ಟಲಿಲ್ಲ. ಇವತ್ತು ಐತವಾರ, ಅಪ್ಪ ಮನೆಯಲ್ಲಿದ್ದ. ಮಧ್ಯಾಹ್ನ ಗಂಜಿಗೆ ಕೂರುವ ಮೊದಲು ನಿನ್ನ ಪತ್ರ ಓದಿದೆ. ಖಾಲಿ ಇನ್‌ಲ್ಯಾಂಡಿನ ಭಾಗವನ್ನೂ ಓದಿದೆ, ಬಸ್ಸಿನ ಭಾಗವನ್ನೂ ಓದಿದೆ, ನನಗೆ ತೊಟ್ಟೂ ಇಲ್ಲ ಅನ್ನುವುದನ್ನೂ ಓದಿದೆ. ಆಯಿ ಹೆರೆಮಣೆಯ ಮೇಲೆ ಕೂತಿದ್ದಳು. ಕಾಯಿ ಮುಗಿದಿತ್ತು, ಆದರೂ ಸ್ವಲ್ಪ ಹೊತ್ತು ಬರೀ ಕರಟ ಹೆರೆಯುತ್ತಿದ್ದಳು. ಆಮೇಲೆ ಎದ್ದು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಡಬ್ಬಿಯ ಮುಚ್ಚಳ ತೆಗೆದಳು. ಒಂದು ಮೆಣಸು ಎತ್ತಿ ಮೂಸಿದಳು. ತೊಟ್ಟು ಮುರಿದಳು. ನಮ್ಮಿಬ್ಬರಿಗೂ ಗಂಜಿ ಬಡಿಸಿ, ತಾನೂ ಕೂತು, ಒಂದು ತುತ್ತು ಉಂಡು, ಆ ಮೆಣಸನ್ನು ಅರ್ಧ ಕಚ್ಚಿದಳು. ಅಪ್ಪ ಕೈ ಬಟ್ಟಲಿನಲ್ಲೇ ಇಟ್ಟುಕೊಂಡು ಕೂತಿದ್ದ.

ಅಗಿದು ನುಂಗಿ, ಗೋಡೆಯ ಕಡೆ ನೋಡಿಕೊಂಡು ಹೇಳಿದಳು: "ಖಾರ ಇಲ್ಲ. ನೀರು ಹೆಚ್ಚು ಹೊಯ್ದದೆ ಅದು."

ಇಷ್ಟೇ. ಹೇಳಿ ಎರಡು ಚೊಂಬು ನೀರು ಕುಡಿದಳು.

ಬಾ ಅನ್ನಲಿಲ್ಲ. ಬೇಡ ಅನ್ನಲಿಲ್ಲ. ನಾನು ಕೇಳಲಿಲ್ಲ, ಕೇಳಿದರೆ ಮತ್ತೆ ಬಾಯಿ ಮುಚ್ಚುತ್ತಾಳೆ ಅಂತ ಹೆದರಿಕೆ. ಈಗ ನಾನು ಇದನ್ನು ಬರೆಯುವಾಗ ಅವಳು ಹಿತ್ತಲ ಬಾಗಿಲಲ್ಲಿ ಮೊರ ಇಟ್ಟುಕೊಂಡು ಕೂತಿದ್ದಾಳೆ. ಖಾರ ಇಲ್ಲದ ಆ ಮೆಣಸಿನ ಬೀಜವನ್ನು ಒಂದೊಂದಾಗಿ ಬಿಡಿಸುತ್ತಿದ್ದಾಳೆ. ಪಕ್ಕದಲ್ಲಿ ಬೂದಿಯೂ ಇದೆ, ಬುರುಡೆಯೂ ಇದೆ. ಹತ್ತಬೇಕೋ ಬೇಡವೋ ನೀನೇ ಲೆಕ್ಕ ಹಾಕು.

ಅವಳು ಕಚ್ಚಿ ಉಳಿಸಿದ ಅರ್ಧ ಮೆಣಸನ್ನು ಕಾಗದದಲ್ಲಿ ಸುತ್ತಿ ಇದರೊಳಗೆ ಇಟ್ಟಿದ್ದೇನೆ. ಹಲ್ಲಿನ ಗುರುತು ನೋಡು. ಮುಂದಿನ ಹಲ್ಲು ಮುರಿದದ್ದು ಈ ಮನೆಯಲ್ಲಿ ಆಯಿಗೆ ಮಾತ್ರ. ಸಾಕ್ಷಿ ಬೇಕಾಯಿತು, ಯಾಕೆಂದರೆ ಇನ್ನು ಮುಂದಿನದನ್ನು ಓದಿದ ಮೇಲೆ ನೀನು ನನ್ನ ಯಾವ ಮಾತನ್ನೂ ನಂಬಲಿಕ್ಕಿಲ್ಲ.

ಬೀಜ ಆಯಿ ಎಸೆದದ್ದಲ್ಲ. ನಾನು ಸ್ಟೂಲು ಹತ್ತಿ ಬುರುಡೆಯಿಂದ ಕದ್ದದ್ದು. ನಿನ್ನ ಮೊದಲ ಪತ್ರ ಓದಿ ಮುಗಿಸಿದಾಗ ಅವಳು ಏನೂ ಅನ್ನಲಿಲ್ಲ, ಕಾಯಿ ಹೆರೆಯುತ್ತಿದ್ದಳು. 'ಆಯಿ ಎಂತ ಹೇಳ್ತು' ಅಂತ ನೀನು ಕೇಳಿದ್ದೆ. ಏನೂ ಹೇಳಲಿಲ್ಲ ಅಂತ ಬರೆಯಲು ಕೂತೆ. ಆ ಸಾಲು ಬರೆಯಲು ಕೈ ಬರಲಿಲ್ಲ. ಬೈಗುಳವಾದರೆ ಕೈಗೆ ಸಲೀಸು. ಛತ್ರಿಯದು ನಾನು ಬೈದದ್ದು. ಒಲೆಯದೂ ನಾನೇ. ಅದು ಬರೀ ಬೈಗುಳ ಅಂತಲೇ ಬರೆದದ್ದು, ಕೃಷಿ ಆಗಿಬಿಟ್ಟಿತು. ಮೀನಿನದೂ ನನ್ನದು, ಅದನ್ನು ನೀನೇ ಹಿಡಿದೆ. ಜೂನಿನ ಖಾಲಿ ಪತ್ರ ತಮಾಷೆ ಆಗಿರಲಿಲ್ಲ. ಆಯಿ ಹೇಳಿದ್ದು ಮಾತ್ರ ಬರಿ ಅಂತ ನೀನು ಅಂದಿದ್ದೆ, ನಾನು ಬರೆದೆ.

ನಿನ್ನ ಪತ್ರಗಳನ್ನು ಗಟ್ಟಿಯಾಗಿ ಓದುವಾಗ 'ಆಯಿ ಹೇಳಿದ ಹಾಗೆ', 'ನೀನು ಬೈದ ಹಾಗೆ' ಅಂತ ಬಂದಲ್ಲೆಲ್ಲ ಅವಳ ಹೆರೆಮಣೆ ಒಂದು ಗಳಿಗೆ ನಿಲ್ಲುತ್ತಿತ್ತು. ನಾನು ಪೆಟ್ಟು ತಿನ್ನಲು ತಯಾರಾಗಿ ಕೂರುತ್ತಿದ್ದೆ. ನಾ ಯಾವಾಗ ಹಾಗೆ ಹೇಳಿದ್ದೆ ಅಂತ ಒಂದು ಸಲವೂ ಕೇಳಲಿಲ್ಲ. ಮತ್ತೆ ಹೆರೆಯುತ್ತಿದ್ದಳು.

ನೀನು ಹೋದಂದಿನಿಂದ ಆಯಿ ನಿನ್ನ ವಿಷಯದಲ್ಲಿ ಬಾಯಿ ಬಿಟ್ಟದ್ದು ಇವತ್ತು, ಈ ಎರಡು ಮಾತಿಗೆ. ಉಳಿದ ಬೈಗುಳಗಳೆಲ್ಲ ನನ್ನವು.

ಸುಜಯ